ಆರ್ಡಿತ್ ಅಜ್ಜಿಯ ಹೆಸರು

ಅಕ್ಟೋಬರ್ 14, ಮಂಗಳವಾರ

ಅಲ್ಲ, ಆರ್ಡಿತ್ ಅಜ್ಜಿಯ ಗಂಡ ಆ ಹಾರ್ಲನ್ ಯಾವತ್ತು ಬಟ್ಟೆ ಒಗೆದಿದ್ದ? ನಮ್ಮ ಎಪಿಸ್ಕೋಪಲ್ ಚರ್ಚಿನ ನೂರೈವತ್ತು ವರ್ಷದ ಇತಿಹಾಸ ನಾಳೆ ಅಚ್ಚಾಗುತ್ತದೆ. ಟೈಪ್ ಮಾಡಿದ್ದು ನಾನೇ, ಒಂದೊಂದು ಪುಟವನ್ನೂ ಖುಷಿಯಿಂದ. ಪಾದ್ರಿಗಳೆಲ್ಲರ ಫೋಟೊ ಇದೆ, ಚಳಿ ತಡೆಯದೆ ಮೂರೇ ತಿಂಗಳಿಗೆ ಓಡಿಹೋದವನದ್ದೂ. ನಲವತ್ತೆಂಟು ವರ್ಷ ಬಲಿಪೀಠದ ಬಟ್ಟೆ ಒಗೆದು, ಪೂಜೆಯ ಪವಿತ್ರ ದ್ರಾಕ್ಷಾರಸ ಸೋಕಿದ ನೀರನ್ನು ಚರಂಡಿಗೆ ಬಿಡದೆ ಮಣ್ಣಿಗೇ ಸುರಿದ ಆರ್ಡಿತ್ ಅಜ್ಜಿ ಮಾತ್ರ ಗಂಡನ ಹೆಸರಲ್ಲಿ 'ಮಿಸೆಸ್ ಹಾರ್ಲನ್ ಟ್ರೆಡ್‌ವೆಲ್'. ಆ ಗಂಡ ಚರ್ಚಿಗೆ ಬರುತ್ತಿದ್ದದ್ದು ಕ್ರಿಸ್‌ಮಸ್ಸಿಗೆ, ಅದೂ ತೂಕಡಿಸಲು.

ಪುಸ್ತಕ ಸಮಿತಿಯ ಅಧ್ಯಕ್ಷ ಲೂಮಿಸ್‌ಗೆ ಹೇಳಿದೆ.

"ನಮ್ಮಲ್ಲಿ ಹಾಗೇ ಬರೆಯೋದು ಕಣಮ್ಮ. ಅದು ಗೌರವ."

"ಹಾಗಾದ್ರೆ ನಿಮ್ಮನ್ನೂ ಹೆಂಡ್ತಿ ಹೆಸರಲ್ಲೇ ಹಾಕ್ಲಾ? ಮಿಸ್ಟರ್ ಕಾರ್ಡೀಲಿಯಾ ಲೂಮಿಸ್ ಅಂತ?"

ಕಾಫಿ ಕಪ್ಪು ಕೆಳಗಿಟ್ಟು ಎದ್ದುಹೋದ. ಗೌರವವಂತೆ, ಮಣ್ಣಾಂಗಟ್ಟಿ.

ಸಂಜೆ ಅಜ್ಜಿಯ ಫೋನು. "ನಂಗೆ ಕಣ್ಣು ಕಾಣಲ್ಲ ಮಗಾ. ಪುಸ್ತಕ ಬಂದ್ಮೇಲೆ ನನ್ನ ಹೆಸರಿರೋ ಕಡೆ ನನ್ನ ಬೆರಳು ಹಿಡಿದು ಇಡಿಸ್ತೀಯಾ?"

ತಿದ್ದಿದೆ. 'ಆರ್ಡಿತ್ ಟ್ರೆಡ್‌ವೆಲ್' ಎಂದೇ ಪ್ರೆಸ್ಸಿಗೆ ಕಳಿಸಿಯೂ ಆಯಿತು. ಲೂಮಿಸ್ ಅವರೇ, ಭಾನುವಾರ ಅಜ್ಜಿಯ ಎದುರು ನಿಂತು ಈ ಹೆಸರು ತಪ್ಪು ಅನ್ನುವ ಧೈರ್ಯ ನಿಮಗಿದೆಯಾ?