ಮಾಸ್ತರನ ಮೂರ್ಛೆ

ಚಿಮ್ಮನಚೋಡ,
ಜನವರಿ 1955

ಮೂರನೇ ತರಗತಿಯ ಮುಂದಿನ ಸಾಲಿನ ಮಹಾರಾಣಿಯವರೂ, ಹದಿನೇಳರ ಮಗ್ಗಿಯ ಬದ್ಧವೈರಿಗಳೂ ಆದ ಕುಮಾರಿ ಶರಣಬಸಮ್ಮನವರ ದರಬಾರಿಗೆ, ಅಂಬರಾಯ ಮಾಸ್ತರನ ಸಲಾಮು.

ಇಷ್ಟು ಬರೆದು, ನೀನು ನಕ್ಕೀಯೆ ಎಂದುಕೊಂಡೆ. ಆಮೇಲೆ ನಿನ್ನ ಬಲಗೈ ನೆನಪಾಯಿತು. ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದರಂತೆ, ಎರಡು ಬೆರಳು ಮಡಚಿಕೊಂಡೇ ಉಳಿದಿವೆಯಂತೆ. ನಿನ್ನ ಗೆಳತಿ ಲತೀಫಾ ಹೇಳಿದಳು. ಅದಕ್ಕೆ ಕಾರಣ ನಿನ್ನ ರೋಗವಲ್ಲ, ನಾನು. ಇದನ್ನು ನಿನಗೆ ಬೇರೆ ಯಾರೂ ಹೇಳುವುದಿಲ್ಲ, ಅದಕ್ಕೇ ಈ ಪತ್ರ.

ದೀಪಾವಳಿ ಮುಗಿದ ವಾರ ನೀನು ತರಗತಿಯಲ್ಲಿ ಬಿದ್ದೆ. ನಿನಗದು ನೆನಪಿರಲಾರದು. ಮಕ್ಕಳು ಕಿಟಕಿ ಹಾರಿ ಓಡಿದರು. ಹಾದಿಹೋಕರು ಒಳಬಂದು ನಿನ್ನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ತುರುಕಿದರು, ಮೂಗಿಗೆ ಚಪ್ಪಲಿ ಹಿಡಿದರು. ಇಪ್ಪತ್ತೊಂದು ವರ್ಷದ ಈ ವಿದ್ವಾಂಸ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಮರುದಿನ ನಿನ್ನ ಪಕ್ಕ ಕುಳಿತವಳು ಲತೀಫಾ ಒಬ್ಬಳೇ.

ನಾನು ಸೇಡಂಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದೆ. ಇದು ಗಾಳಿಯಲ್ಲ, ದೆವ್ವವಲ್ಲ, ಮಿದುಳಿನ ಒಂದು ಬೇನೆ. ಮುಟ್ಟಿದರೆ ಹತ್ತುವುದಿಲ್ಲ ಎಂದರು. ಅದನ್ನು ಹಾಗೆಯೇ ಮಕ್ಕಳಿಗೆ ಹೇಳಿದ್ದರೆ ಸಾಕಿತ್ತು. ಆದರೆ ನಾಟಕವಾಡದೆ ಒಂದು ಮಾತು ಹೇಳಲು ನನಗೆಲ್ಲಿ ಬರುತ್ತದೆ? ನೀನು ಬಾರದ ಒಂದು ದಿನ ನೋಡಿ, "ಈಗ ಮಾಸ್ತರು ಬೀಳುವವರಿದ್ದಾರೆ, ಸಕಲರೂ ಸಾವಧಾನದಿಂದ ನೋಡತಕ್ಕದ್ದು" ಎಂದು ಡಂಗುರದವನ ದನಿಯಲ್ಲಿ ಸಾರಿ, ದೊಪ್ಪನೆ ಬಿದ್ದೆ. ನೊರೆಗಾಗಿ ಬಾಯಲ್ಲಿ ಸಾಬೂನಿನ ಚೂರು ಇಟ್ಟುಕೊಂಡಿದ್ದೆ. ಮಕ್ಕಳು ಎಷ್ಟು ಚೆಂದ ಕಲಿತರು ಗೊತ್ತೇ! ಡಾಕ್ಟರು ಹೇಳಿದ್ದನ್ನು ನಾನು ಕಲಿಸಿದಂತೆಯೇ ಹತ್ತಿರದ ಹಲಗೆಗಳನ್ನು ಸರಿಸಿದರು, ನನ್ನನ್ನು ಮಗ್ಗುಲಿಗೆ ಹೊರಳಿಸಿದರು. ಕೈಕಾಲು ಅದುಮಲಿಲ್ಲ, ಬಾಯಿಗೆ ಏನೂ ತುರುಕಲಿಲ್ಲ. ಎಚ್ಚರಾಗಲೆಂದು ಕಾಯುತ್ತ ಪಕ್ಕದಲ್ಲಿ ಸುಮ್ಮನೆ ಕುಳಿತರು.

ಆಗಲೇ ಪಟೇಲ ಬಸವಂತರಾಯರು ಬಾಗಿಲಿಗೆ ಬಂದರು. "ಏನಾತಪ್ಪಾ ಮಾಸ್ತರಗ?" ಎಂದರು. ಎದ್ದು ನಕ್ಕುಬಿಡಬಹುದಿತ್ತು. ದೊಡ್ಡವರನ್ನು ಹೆದರಿಸುವ ಚಪಲ ನೋಡು, ಇನ್ನಷ್ಟು ನೊರೆ ಉಗುಳಿ ಕಣ್ಣು ಮೇಲೆ ಮಾಡಿದೆ. ಪಟೇಲರು ಧೋತರ ಎತ್ತಿಕೊಂಡು ಓಡಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಂಜೆಗೆ ಊರೆಲ್ಲ ಒಂದೇ ಮಾತು: "ಚಂದಮ್ಮನ ಮಗಳ ಬ್ಯಾನಿ ಮಾಸ್ತರಗ ಹತ್ತ್ಯಾದ." ಮನೆಮನೆಗೆ ಹೋಗಿ ಅದು ನಾಟಕವೆಂದೆ. "ಬ್ಯಾನಿ ಇದ್ದೋರು ಹಿಂಗೇ ಅಂತಾರ, ಹೋಗ್ರಿ" ಎಂದರು. ನಿಜ ಹೇಳಿದ ಮಕ್ಕಳಿಗೆ ಕಪಾಳಕ್ಕೆ ಬಿತ್ತು. ನೀನು ಶಾಲೆಗೆ ಕಾಲಿಡಬಾರದೆಂದು ಪಟೇಲರ ಅಪ್ಪಣೆಯಾಯಿತು. ನಿನ್ನವ್ವ ಹೊಲಕ್ಕೆ ಹೋಗುವಾಗ ನಿನ್ನನ್ನು ಒಳಗಿಟ್ಟು ಕೀಲಿ ಹಾಕತೊಡಗಿದಳು. ಅವಳ ಮೇಲೆ ಸಿಟ್ಟಾಗಬೇಡ. ಕಲ್ಲೆಸೆಯುವ ಜನರಿಂದ ನಿನ್ನನ್ನು ಕಾಯಲು ಅವಳಿಗೆ ತಿಳಿದದ್ದು ಅದೊಂದೇ.

ನಾಲ್ಕನೇ ದಿನ ನೀನು ಒಲೆಯ ಹತ್ತಿರ ಬಿದ್ದೆ. ಹೊರಗಿನಿಂದ ಸಪ್ಪಳ ಕೇಳಿದ ಲತೀಫಾ ಶಾಲೆಗೆ ಓಡಿಬಂದಳು. ಮೂವತ್ತಾರು ಮಕ್ಕಳು ನನ್ನ ಹಿಂದೆ ಓಡಿದರು. ಏನು ಮಾಡಬೇಕೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಬಾಗಿಲಿಗೆ ಕೀಲಿ ಇತ್ತು. ನಾನು ಕಲ್ಲಿನಿಂದ ಅದನ್ನು ಒಡೆಯುವಷ್ಟರಲ್ಲಿ ನಿನ್ನ ಕೈ ಕೆಂಡದಲ್ಲಿ ಬಹಳ ಹೊತ್ತು ಇದ್ದುಬಿಟ್ಟಿತ್ತು.

ಅಂದಿನಿಂದ ನಿನ್ನನ್ನು ಶಾಲೆಗೆ ಬಿಡಿರೆಂದು ಕೇಳಲು ಪಟೇಲರ ಕಟ್ಟೆಗೆ ದಿನಾ ಹೋದೆ. ನಿನ್ನೆಯೂ ಅದೇ ಮಾತು: "ಅಕೀದು ನಿಮಗ ಹತ್ತ್ಯಾದ. ನಾಳಿಗಿ ನಮ್ಮ ಮಕ್ಕಳಿಗಿ ಹತ್ತಿದ್ರ?"

"ನನಗ ಹುಟ್ಟಿದಾಗಿಂದ ಅದ ರೀ" ಎಂದುಬಿಟ್ಟೆ. "ನೌಕರಿ ಹೋಗ್ತದಂತ ಮುಚ್ಚಿಟ್ಟಿದ್ದೆ. ಒಂದು ವರ್ಷ ನಿಮ್ಮ ಮಕ್ಕಳ ಕೂಡ ಕುಂತೀನಿ. ಒಬ್ಬರಿಗರೆ ಹತ್ತ್ಯಾದೇನ್ರಿ?"

ಪಟೇಲರು ಮೀಸೆ ತಿರುವಿದರು. "ಖರೇ ಅದ" ಎಂದರು. "ಹಂಗಾದ್ರ ಹುಡುಗಿ ಕುಂದ್ರಲಿ. ನೀವು ಮಾತ್ರ ಇದನ್ನ ಬರದು ಕೊಟ್ಟು ಊರು ಬಿಟ್ಟು ಹೋಗ್ರಿ."

ಬರೆದುಕೊಟ್ಟೆ. ದೇವರ ಸಾಕ್ಷಿಯಾಗಿ, ರುಜು ಸಹಿತ. ನಿಜವನ್ನು ಎರಡು ತಿಂಗಳು ನಂಬದ ಊರು ಆ ಸುಳ್ಳನ್ನು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ನಂಬಿತು. ಕಾಗದ ಕಚೇರಿಗೆ ಹೋಗಿದೆ, ನೌಕರಿ ಉಳಿಯಲಿಕ್ಕಿಲ್ಲ. ಈ ಬೆಳಿಗ್ಗೆ ಹೋಟೆಲಿನವನು ನನಗೆ ಚಹಾವನ್ನು ತೆಂಗಿನ ಚಿಪ್ಪಿನಲ್ಲಿ ಕೊಟ್ಟ. ಸುಲೇಪೇಟದ ಬೀಗರಾಗಬೇಕಿದ್ದವರು ಹೆಣ್ಣು ಕೊಡುವುದಿಲ್ಲವೆಂದು ಹೇಳಿಕಳಿಸಿದ್ದಾರೆ. ನಗು ಬರಲಿಲ್ಲ, ಶರಣಿ. ಒಂದು ದಿನಕ್ಕೇ ನನಗೆ ಇಷ್ಟು ಭಾರವಾಯಿತು.

ನಾಳೆ ವಾಡಿಗೆ, ಅಕ್ಕನ ಮನೆಗೆ ಹೊರಟೆ. ಸೋಮವಾರ ನೀನು ಹೋಗಿ ನಿನ್ನ ಜಾಗದಲ್ಲೇ ಕುಳಿತುಕೋ. ಎಡಗೈಯಿಂದ ಬರೆ, ಅಕ್ಷರ ಸೊಟ್ಟಗಾದರೆ ಆಗಲಿ. ನೀನು ಎಲ್ಲಿ ಬಿದ್ದರೂ ಪಕ್ಕದಲ್ಲಿ ಸುಮ್ಮನೆ ಕೂಡುವವರೊಬ್ಬರು ನಿನಗೆ ಸಿಗಲಿ.

ಈ ಪತ್ರ ಯಾರ ಕೈಗೂ ಸಿಗಬಾರದು. ಓದಿ ಲತೀಫಾಳ ಕೈಗೆ ಕೊಡು, ಒಲೆಗೆ ಹಾಕುತ್ತಾಳೆ. ನೀನು ಒಲೆಯ ಹತ್ತಿರ ಹೋಗಬೇಡ.

ನಿನ್ನ ತಪ್ಪಿತಸ್ಥ ಮಾಸ್ತರ,
ಅಂಬರಾಯ