ಹೊತ್ತು ಮುಳುಗಿದ ಸುದ್ದಿ

ಅಫಜಲಪುರ
೭ ನವೆಂಬರ್ ೧೯೪೮

ಜೀವದ ಗೆಳತಿ ಗೌಸಿಯಾಬೇಗಂಗೆ ಗಂಗುಬಾಯಿಯ ಸಲಾಮು.

ಹೈದರಾಬಾದಿನಿಂದ ನೀನು ಬರೆದ ಎರಡನೆಯ ಪತ್ರವೂ ತಲುಪಿತು. ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಅಪ್ಪ, ನಮ್ಮ ಉಸ್ಮಾನ ಕಾಕಾ, ಹೇಗೆ ಹೋದರು, ಕೊನೆಗೆ ಏನಂದರು ಎಂದು ಮತ್ತೆ ಕೇಳಿದ್ದೀಯ. ಜ್ವರ ಬಂದಿತ್ತು ಎಂದು ಮೊದಲೇ ಬರೆದಿದ್ದೆನಲ್ಲ. ಬಹಳ ನರಳಲಿಲ್ಲ. ಇನ್ನು ಅದನ್ನು ಕೇಳಬೇಡ.

ನಿನ್ನೆ ನಾವು ಓದಿದ ಮಕ್ತಬಿನ ಬೀಗ ತೆಗೆದು ಕಸ ಹೊಡೆದೆ. ಕಾಕಾ ನಮ್ಮಿಬ್ಬರಿಗೂ ಪಾಠ ಬರೆಯುತ್ತಿದ್ದ ಹಲಗೆ ಸಿಕ್ಕಿತು. ನೆನಪಿದೆಯಾ? ಗೈನ್, ರೇ, ಬೇ ಎಂದು ಮೂರು ಅರಬ್ಬಿ ಅಕ್ಷರ ಬರೆದು, ಇದು ತಾಯಿ, ಇದರಿಂದ ಹುಟ್ಟಿದ ಶಬ್ದಗಳು ಮಕ್ಕಳು, ಹುಡುಕಿಕೊಂಡು ಬನ್ನಿ ಎಂದಿದ್ದರು. ಗುರೂಬ್ ಎಂದರೆ ಹೊತ್ತು ಮುಳುಗುವುದು. ಮಗ್ರಿಬ್ ಎಂದರೆ ಅದು ಮುಳುಗುವ ದಿಕ್ಕು, ಆ ಹೊತ್ತಿನ ನಮಾಜೂ ಅದೇ. ಗುರ್ಬತ್ ಎಂದರೆ ಪರಸ್ಥಳದ ಬಾಳು. ನೀನು ದೊಡ್ಡ ಜಾಣೆಯಂತೆ, ಗರೀಬ ಎಂದರೆ ಬಡವ ಎಂದೆ. ಅವರು ನಕ್ಕು, ಅರಬ್ಬಿಯಲ್ಲಿ ಅದು ತನ್ನ ಊರಿನಿಂದ ದೂರಾದವನ ಹೆಸರು ಎಂದರು. ಹಾಗಾದರೆ ದಿನಾ ಸಂಜೆ ಸೂರ್ಯನೂ ಗರೀಬನೇ ಎಂದೆ ನಾನು. ನನಗೆ ಬೆಲ್ಲದ ಚೂರು ಸಿಕ್ಕಿತು, ನೀನು ಹೊಟ್ಟೆಕಿಚ್ಚಿಗೆ ನನ್ನ ತೋಳು ಚಿವುಟಿದೆ.

ಅವರ ಕಣ್ಣಿಗೆ ಪೊರೆ ಬಂದ ಮೇಲೆ ಮಾಳಿಗೆ ಹತ್ತಿ, ಹೊತ್ತು ಮುಳುಗಿತೆಂದು ಕೂಗಿ ಹೇಳುವ ಕೆಲಸ ನಿನ್ನದಾಗಿತ್ತು. ಕೇಳಿದೊಡನೆ ಅವರು ನಮಾಜಿಗೆ ಕರೆಯುವ ಬಾಂಗು ಕೊಡುತ್ತಿದ್ದರು. ಮದುವೆಯಾಗಿ ಹೋಗುವಾಗ ಅದನ್ನು ನನಗೆ ಒಪ್ಪಿಸಿದೆ. ಹನ್ನೊಂದು ವರ್ಷ ಕೂಗಿದ್ದೇನೆ.

ಈ ಬೇಸಿಗೆಯಲ್ಲಿ ರಜಾಕಾರರ ಭಯಕ್ಕೆ ನಾವು ಭೀಮೆ ದಾಟಿ ಓಡಿದಾಗ ನಮ್ಮ ಮನೆ, ದನ ಕಾಯ್ದವರು ಕಾಕಾ. ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಬಿದ್ದು, ನಿಮ್ಮವರನ್ನು ಹುಡುಕಿ ಹೊಡೆಯುವುದು ಶುರುವಾದಾಗ ನಾವು ಅವರನ್ನು ಜೋಳದ ಕೋಣೆಯಲ್ಲಿ ಮುಚ್ಚಿಟ್ಟೆವು. ಹುಟ್ಟಿದ ಊರಿನಲ್ಲೇ ಅವರು ಗರೀಬರಾದರು, ಗೌಸಿಯಾ. ನಮ್ಮ ಮನೆಯವರು ಅತ್ತ ಬರುವಾಗ ಹಲಗೆಯನ್ನು ಕಳಿಸಿಕೊಡುತ್ತೇನೆ.

ನಿನ್ನ
ಗಂಗು

ತಾ. ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಕಾಕಾಗೆ ಜ್ವರ ಬಂದಿರಲಿಲ್ಲ. ಎರಡು ಸಂಜೆ ಕೋಣೆಯ ಬಾಗಿಲಿಗೆ ಹೋಗಿ ಹೊತ್ತು ಮುಳುಗಿದ್ದನ್ನು ಪಿಸುಮಾತಿನಲ್ಲಿ ಹೇಳಿದ್ದೆ. ಅವರೂ ಸದ್ದಿಲ್ಲದೆ ನಮಾಜು ಮಾಡಿದ್ದರು. ಮೂರನೆಯ ಸಂಜೆ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ಸೂರ್ಯ ಮುಳುಗಿದ್ದು ಕಂಡಿತು, ಓಣಿಯಲ್ಲಿ ಕೊಡಲಿ ಹಿಡಿದು ನಿಂತವರು ಕಾಣಲಿಲ್ಲ. ರೂಢಿಯ ಬಾಯಿ, "ಕಾಕಾ, ಹೊತ್ತು ಮುಣಗಿತ್ರಿ" ಎಂದು ಕೂಗಿಬಿಟ್ಟೆ. ಅವರಿಗೂ ರೂಢಿ. ಒಳಗಿನಿಂದ ಗಟ್ಟಿಯಾಗಿ ಬಾಂಗು ಕೊಟ್ಟರು. ಓಣಿಯವರು ಬಾಗಿಲು ಮುರಿದು ನುಗ್ಗಿದರು. ಬಾಂಗು ಪೂರ್ತಿಯಾಗಲಿಲ್ಲ. ನೀನು ಕೇಳಿದ ಕೊನೆಯ ಮಾತು ಅದೇ. ಈಗ ದಿನಾ ಆ ಹೊತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಕೂಡುತ್ತೇನೆ.