ಮಗಳ ಅಪ್ಪನ ಕಾರು

ಜೂನ್ 11, ಮಂಗಳವಾರ

ಅಂಗಡಿಯಲ್ಲಿ ಇವತ್ತೂ ಗಿರಾಕಿ ಕಡಿಮೆ. ಹೊಸ ಕನ್ನಡಕ ಹಾಕಿಕೊಂಡರೆ ನೆಲ ಎದ್ದು ಬಂದ ಹಾಗೆ ಕಾಣುತ್ತದೆ ಎಂದು ಒಬ್ಬರು ವಾಪಸ್ ಬಂದರು. ಮೊದಮೊದಲು ಹಾಗೇ, ಮೆಟ್ಟಿಲು ಇಳಿಯುವಾಗ ಕತ್ತು ಬಗ್ಗಿಸಿ ಎಂದೆ. ಬೈದರೋ ಏನೋ — ಎಡಕಿವಿಯಲ್ಲಿ ಹತ್ತಿ ಇತ್ತು, ಕೇಳಿಸಲಿಲ್ಲ. ಆಪರೇಶನ್ನಿನಿಂದ ಇದೊಂದು ಲಾಭ.

ಮಧ್ಯಾಹ್ನ ಕಡಲ ಊರಿನಿಂದ ಮಗಳ ಫೋನ್. ಎಂಟು ತಿಂಗಳ ಬಸುರಿ. ಬಿ.ಪಿ. ಏರಿದೆಯಂತೆ. ಹಾಸಿಗೆ ಬಿಟ್ಟು ಏಳಬೇಡಿ ಎಂದಿದ್ದಾರಂತೆ. ಅಳಿಯ ಹಡಗಿನ ಕೆಲಸದಲ್ಲಿ, ನಡುಸಮುದ್ರದಲ್ಲಿ. "ಅಮ್ಮಾ, ಮುಂದಿನ ತಿಂಗಳು ಅಂದಿದ್ದೆ ಅಲ್ವಾ... ಈಗಲೇ ಬರೋಕಾಗುತ್ತಾ?" ಅವಳು ಹೀಗೆ ಕೇಳುವವಳೇ ಅಲ್ಲ.

ಸಂಜೆ ಕಿವಿ ಡಾಕ್ಟರ್ ಹತ್ತಿರ ಓಡಿದೆ. ವಿಮಾನ ಎನ್ನುವಷ್ಟರಲ್ಲೇ ಕೈ ಅಡ್ಡ ಹಿಡಿದರು.

"ಕಿವಿ ಪರದೆ ಈಗಷ್ಟೇ ಕೂಡಿಕೊಳ್ತಾ ಇದೆ. ಹಾರಿದ್ರೆ ನಾನು ಮಾಡಿದ್ದೆಲ್ಲಾ ನೀರಲ್ಲಿ ಹೋಮ. ನೆಲದ ಮೇಲೆ ಹೇಗಾದ್ರೂ ಹೋಗಿ. ಬೆಟ್ಟ ಇಳಿಯುವಾಗ ಮಾತ್ರ ಅಲ್ಲಲ್ಲಿ ನಿಲ್ಲಿಸಿ ಇಳೀರಿ. ಉಗುಳು ನುಂಗ್ತಾ ಇರಿ."

ಸರಿ. ರೈಲು.

ಜೂನ್ 12, ಬುಧವಾರ

ಬೆಳಗ್ಗೆ ಟಿಕೆಟ್ ಸಿಕ್ಕಿತು. ಶುಕ್ರವಾರಕ್ಕೆ, ಕೆಳಗಿನ ಬರ್ತ್. ಕುಣಿದಾಡುವಷ್ಟು ಖುಷಿ. ಮಗಳಿಗೆ ಹೇಳಿಯೂ ಆಯಿತು.

ಸಂಜೆ ಮೆಸೇಜ್. ಬೆಟ್ಟದ ಹಳಿ ಮೇಲೆ ಮಣ್ಣು ಕುಸಿದಿದೆ, ರೈಲು ರದ್ದು. ಯಾವಾಗ ಶುರು? ತಿಳಿಸಲಾಗುವುದು.

ಜೂನ್ 13, ಗುರುವಾರ

ಬಸ್ ಆಫೀಸಿಗೆ ಹೋದೆ. ಕೌಂಟರಿನ ಹುಡುಗಿ ಒಳ್ಳೆಯವಳು. ಸ್ಕ್ರೀನನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದಳು.

"ಆಂಟಿ, ಸ್ಲೀಪರ್ ಇದೆ. ಆದ್ರೆ ಬೆಟ್ಟದ ಮೇಲಿನ ತನಕ ಅಷ್ಟೇ. ಕೆಳಗೆ ದೊಡ್ಡ ಗಾಡಿ ಬಿಡ್ತಾ ಇಲ್ಲ. ಅಲ್ಲಿಂದ ವ್ಯಾನ್ ಹಿಡೀಬೇಕು."

ವ್ಯಾನಿನವನ ನಂಬರನ್ನೂ ಅವಳೇ ಕೊಟ್ಟಳು. ಫೋನ್ ಮಾಡಿ, ನಡುನಡುವೆ ನಿಲ್ಲಿಸ್ತೀರಾಪ್ಪಾ ಎಂದೆ. ಕಿವಿಯ ಕಥೆಯನ್ನೂ ಹೇಳಿದೆ.

"ಅಮ್ಮಾ, ಒಳಗೆ ಹತ್ತು ಜನ ಇರ್ತಾರೆ. ನಿಮಗೊಬ್ರಿಗೋಸ್ಕರ ನಿಲ್ಲಿಸ್ತಾ ಹೋದ್ರೆ ಮಿಕ್ಕೋರು ನನ್ನ ಹರಿದು ತಿಂತಾರೆ."

ಅವನದೂ ತಪ್ಪಲ್ಲ.

ಇನ್ನೊಂದು ದಾರಿ ಇದೆಯಂತೆ — ಬೆಟ್ಟವನ್ನೇ ಬಿಟ್ಟು ಸುತ್ತು ಹಾಕಿ, ಎರಡು ಕಡೆ ರೈಲು ಬದಲಿಸಿ, ಕಡಲ ಪಕ್ಕದ ಲೈನಿನಲ್ಲಿ ಮೇಲೆ ಬರುವುದು. ಪ್ರಪಂಚ ಪರ್ಯಟನೆ. ಅಷ್ಟು ಹೊತ್ತು ಅವಳೊಬ್ಬಳೇ...

ಟ್ಯಾಕ್ಸಿಯವರು ಮೂವರು ಬರುವುದಿಲ್ಲ ಎಂದರು. ನಾಲ್ಕನೆಯವನು ಫೋನೇ ಎತ್ತಲಿಲ್ಲ.

ಜೂನ್ 14, ಶುಕ್ರವಾರ

ಮಗಳ ಅಪ್ಪನ ಫೋನ್.

ಏನೆಂದು ಬರೆಯಲಿ ಅವರನ್ನು? 'ಇವರು' ಅನ್ನುವ ಕಾಲ ಮುಗಿದು ಒಂಬತ್ತು ವರ್ಷ. 'ಅವರು' ಅಂದರೆ ಯಾರೋ ಏನೋ. ಮಗಳ ಅಪ್ಪ — ಅದನ್ನು ಯಾವ ಕೋರ್ಟೂ ರದ್ದು ಮಾಡಿಲ್ಲ. ಹಾಗೇ ಇರಲಿ.

ಅಂಗಡಿ ಯಜಮಾನರು ಅವರ ಹಳೇ ಸ್ನೇಹಿತರು. ಬಾಯಿ ಬಿಟ್ಟಿದ್ದು ಅವರೇ.

"ರೈಲಿಲ್ಲವಂತೆ, ಬಸ್ಸಿಲ್ಲವಂತೆ. ನನ್ನ ಕಾರಿದೆ. ಸಣ್ಣ ಗಾಡಿ ಬಿಡ್ತಿದಾರೆ, ವಿಚಾರಿಸಿದೀನಿ. ನೀವು ಎಲ್ಲಿ ಹೇಳ್ತೀರೋ ಅಲ್ಲಿ ನಿಲ್ಲಿಸ್ತೀನಿ."

ನೀವು! ಮದುವೆಯಾದ ಕಾಲದಲ್ಲಿ ಒಂದು ದಿನವೂ 'ನೀವು' ಅಂದವರಲ್ಲ.

ಬೇಡ ಎಂದೆ. ಮಗಳಿಗೆ ಇಷ್ಟವಾಗುವುದಿಲ್ಲ ಎಂದೂ ಹೇಳಿಬಿಟ್ಟೆ. ಅವಳು ಅವರೊಡನೆ ಮಾತು ಬಿಟ್ಟು ಮೂರು ವರ್ಷ, ತನ್ನ ಮದುವೆಯ ದಿನದಿಂದ. ಅವತ್ತು ಬಂದರು, ಕೊನೇ ಸಾಲಿನಲ್ಲಿ ಕೂತರು, ಊಟ ಮಾಡದೆ ಹೊರಟುಹೋದರು. "ಯಾರದ್ದೋ ಮದುವೆಗೆ ಬಂದ ಹಾಗೆ ಬಂದ್ರು," ಎಂದು ಅವಳು ಅತ್ತದ್ದು ನನಗೆ ಮಾತ್ರ ಗೊತ್ತು. ಅವಳು ಬಸುರಿ ಎಂಬುದನ್ನೂ ಅವರು ಬೇರೆಯವರ ಬಾಯಲ್ಲೇ ಕೇಳಿದ್ದು.

"ಅವಳ ಮನೆ ಗೇಟ್ ಹತ್ರ ಇಳಿಸಿ ಹಾಗೇ ವಾಪಸ್ ಬರ್ತೀನಿ," ಎಂದರು. "ನಾನು ಬಂದಿದ್ದು ಅವಳಿಗೆ ಗೊತ್ತಾಗೋದೇ ಬೇಡ."

ಯೋಚಿಸಿ ಹೇಳ್ತೀನಿ ಎಂದೆ. ಯೋಚಿಸುವುದಕ್ಕೆ ಬೇರೆ ಏನಿದೆ?

ಜೂನ್ 16, ಭಾನುವಾರ, ಸಂಜೆ 7

ಬೆಟ್ಟದ ಮೇಲಿನ ಲಾಡ್ಜು. ಕೆಳಗಿಳಿಯುವ ರಸ್ತೆಯ ಗೇಟ್ ಆರಕ್ಕೇ ಮುಚ್ಚಿದರು, ಇನ್ನು ಬೆಳಗ್ಗೆಯೇ.

ಮಗಳಿಗೆ ವ್ಯಾನಿನಲ್ಲಿ ಬರುತ್ತಿದ್ದೇನೆ ಎಂದು ಸುಳ್ಳು ಹೇಳಿದ್ದೇನೆ.

ಬೆಳಗ್ಗೆ ಅವರ ಕಾರು ಬಂದಾಗ ಹಿಂದಿನ ಸೀಟಿನ ಬಾಗಿಲು ತೆಗೆದೆ. "ಹಿಂದೆ ಕೂತ್ರೆ ತಲೆ ಸುತ್ತು ಜಾಸ್ತಿ," ಎಂದರು. ಮುಂದೆ ಕೂತೆ. ಎಡಗಡೆ ನಾನು — ನೆಟ್ಟಗಿರುವ ಕಿವಿ ಅವರ ಕಡೆಗೇ. ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಎರಡು ಗಂಟೆ ದಾರಿ ಸಾಗಿತು. ಆಮೇಲೆ ಪೆಟ್ರೋಲ್ ಬಂಕಿನಲ್ಲಿ ಬಿಸ್ಕತ್ತು ತಂದುಕೊಟ್ಟರು. ನನಗೆ ಹಿಡಿಸದ ಬಿಸ್ಕತ್ತು. ಆಗಲೂ ಇದನ್ನೇ ತರುತ್ತಿದ್ದರು. ನಗು ಬಂದುಬಿಟ್ಟಿತು. ಯಾಕೆ ಎಂದರು. ಏನಿಲ್ಲ ಎಂದೆ. ತಿಂದೆ.

ಜಗಳವಾಡಿ ಬೇರೆಯಾದವರಲ್ಲ ನಾವು. ಅವರಿಗೆ ವರ್ಗವಾಯಿತು, ಮಗಳ ಓದು ಎಂದು ನಾನು ಉಳಿದೆ. ವಾರಕ್ಕೊಮ್ಮೆ ಬರುವುದು ತಿಂಗಳಿಗೊಮ್ಮೆ ಆಯಿತು. ಬಂದಾಗ ಮಾತಾಡಲು ಏನೂ ಇರಲಿಲ್ಲ. ಕಾಗದಕ್ಕೆ ಸಹಿ ಹಾಕುವ ದಿನವೂ ಇಬ್ಬರೂ ಒಂದೇ ಆಟೋದಲ್ಲಿ ಹೋಗಿದ್ದೆವು. ಮಗಳಿಗೆ ಮಾತ್ರ ಅಪ್ಪ ತನ್ನನ್ನು ಬಿಟ್ಟುಹೋದ ಹಾಗೆ ಅನ್ನಿಸಿತು. ಹದಿನೇಳರ ಹುಡುಗಿ, ಇನ್ನೇನು ಅನ್ನಿಸಬೇಕು?

ಟೀ ಕುಡಿಯುವಾಗ ನಾನೇ ಕೇಳಿದೆ — ಮದುವೆಯ ದಿನ ಯಾಕೆ ಹಾಗೆ ಹೋದಿರಿ?

ಲೋಟ ತಿರುಗಿಸುತ್ತಾ ಕೂತರು. "ನನ್ನನ್ನ ಎಲ್ಲಿ ಕೂರಿಸ್ಬೇಕು ಅಂತ ಯಾರಿಗೂ ತಿಳೀಲಿಲ್ಲ. ನಿಮ್ಮಣ್ಣ ಕೊನೇ ಸಾಲಲ್ಲಿ ಫೋಟೋದವರ ಪಕ್ಕ ಒಂದು ಕುರ್ಚಿ ಹಾಕಿಸಿದ್ರು. ಊಟಕ್ಕೆ ಎದ್ದಾಗ 'ನೀವು ಹುಡುಗನ ಕಡೆಯೋರಾ, ಹುಡುಗಿ ಕಡೆಯೋರಾ' ಅಂತ ಯಾರೋ ಕೇಳಿದ್ರು. ಹೇಳೋಕೆ ಬಾಯಿ ಬರ್ಲಿಲ್ಲ. ಎದ್ದು ಬಂದೆ."

"ಅವಳಿಗೆ ಹೇಳ್ಬೇಕಿತ್ತು."

"ಫೋನ್ ಎತ್ತಿದ್ರೆ ತಾನೆ?"

ಲಾಡ್ಜಿನವನು ನಮ್ಮಿಬ್ಬರನ್ನೂ ನೋಡಿ, "ಡಬಲ್ ರೂಮ್ ಅಲ್ವಾ ಸಾರ್?" ಎಂದ. "ಎರಡು!" — ಇಬ್ಬರೂ ಒಟ್ಟಿಗೇ. ಅವನು ಬೆಚ್ಚಿಬಿದ್ದ. ಮೆಟ್ಟಿಲು ಹತ್ತುವ ತನಕ ನಗು ತಡೆದುಕೊಂಡೆ.

ಜೂನ್ 17, ಸೋಮವಾರ, ಮಧ್ಯಾಹ್ನ

ಆಸ್ಪತ್ರೆಯ ಕಾರಿಡಾರ್.

ಬೆಳಗ್ಗೆ ಗೇಟಿನಲ್ಲಿ ಪೊಲೀಸಿನವರು ಕಾರಿನೊಳಗೆ ಇಣುಕಿದರು. ಎಲ್ಲಿಗೆ, ಯಾಕೆ. ಮಗಳ ಹೆರಿಗೆ ಎಂದೆ. "ಇವರು?" "ಮಗಳ ಅಪ್ಪ." "ಅಂದ್ರೆ ನಿಮ್ಮ ಯಜಮಾನ್ರು." "ಮಗಳ ಅಪ್ಪ," ಎಂದೆ ಮತ್ತೆ. ಆತ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿ, "ಹೋಗಿ, ಹೋಗಿ. ಹುಷಾರು," ಎಂದು ಗೇಟ್ ಎತ್ತಿದರು.

ತಿರುವುಗಳು. ಒಂದು ಕಡೆ ಕುಸಿದ ಕೆಂಪು ಮಣ್ಣು, ಇನ್ನೊಂದು ಕಡೆ ಮಂಜು, ಬುಡವೇ ಕಾಣದು. ಹೇಳಿದ ಹಾಗೆ ನಿಲ್ಲಿಸಿ ನಿಲ್ಲಿಸಿ ಇಳಿಸಿದರು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಶಪಿಸಿಕೊಂಡು ಮುಂದೆ ಹೋದರು. ಅರ್ಧ ದಾರಿಯಲ್ಲಿ ಕಿವಿಯೊಳಗೆ ಯಾರೋ ಸೂಜಿ ತೂರಿಸಿದ ಹಾಗಾಯಿತು. ಬೆಟ್ಟವೇ ಗಿರಗಿರ ಸುತ್ತಿತು. ಬಾಗಿಲು ತೆಗೆದು ವಾಂತಿ ಮಾಡಿಕೊಂಡೆ.

ಇಳಿದು ಓಡಿಬಂದರು. ಹಣೆ ಹಿಡಿದುಕೊಂಡರು.

"ತಲೆ ಎತ್ತಬೇಡ. ಕಣ್ಣು ಮುಚ್ಚು. ಉಗುಳು ನುಂಗು... ಇನ್ನೊಂದು ಸಲ. ಏನಾಗಲ್ಲ, ನಾನಿದೀನಿ."

ಒಂದೂ 'ನೀವು' ಇಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರಿಗೇ ಗೊತ್ತಾಯಿತು. "ನೀರು ಕುಡೀತೀರಾ?" ಎಂದರು. "ಪರವಾಗಿಲ್ಲ, ಹಾಗೇ ಅನ್ನಿ," ಎಂದೆ.

ತಪ್ಪಲಿಗೆ ಬಂದಾಗ ಗಾಳಿಯೇ ಬೇರೆ. ಬೆವರು, ಉಪ್ಪು, ತೆಂಗಿನ ತೋಪು. ಆಗಲೇ ಫೋನಿಗೆ ಸಿಗ್ನಲ್ ಬಂದದ್ದು. ಮಗಳ ಪಕ್ಕದ ಮನೆಯ ಟೀಚರ್ ಮೆಸೇಜು ಮೇಲೆ ಮೆಸೇಜು ಕಳಿಸಿದ್ದಾರೆ. ಬೆಳಗ್ಗೆ ಕಣ್ಣು ಮಂಜಾಗಿದೆಯಂತೆ, ತಲೆನೋವು ತಡೆಯಲಾಗದೆ ಕೂಗಿಕೊಂಡಳಂತೆ. ಆಸ್ಪತ್ರೆಗೆ ಸೇರಿಸಿದ್ದೇವೆ, ಆಪರೇಶನ್ ಮಾಡುತ್ತಾರಂತೆ, ಎಲ್ಲಿದ್ದೀರಿ?

ಓದಿ ಹೇಳಿದೆ. ಕಾರು ಬೇರೆಯೇ ಕಾರಾಯಿತು. ಇಡೀ ಜೀವಮಾನದಲ್ಲಿ ಈ ಮನುಷ್ಯ ಅಷ್ಟು ಜೋರಾಗಿ ಓಡಿಸಿದ್ದು ನಾನು ಕಂಡಿಲ್ಲ.

ನಾನು ಒಳಗೆ ಓಡುವಷ್ಟರಲ್ಲಿ ಆಗಿಹೋಗಿತ್ತು. ಹೆಣ್ಣು ಮಗು. ಚಿಕ್ಕದು, ಆದರೆ ಚೆನ್ನಾಗಿದೆ. ತಾಯಿಯೂ ಪಾರಾದಳು — ಡಾಕ್ಟರ್ 'ಪಾರಾದಳು' ಎಂದೇ ಅಂದರು. ಹತ್ತಿರದ ಬೆಂಚಿನ ಮೇಲೆ ಕೂತೆ.

ಅದೇ ದಿನ, ಸಂಜೆ 5

ಎಚ್ಚರವಾಯಿತು ಅವಳಿಗೆ. ಮುಖ ಊದಿದೆ. ನನ್ನ ಕೈ ಹಿಡಿದುಕೊಂಡು ಮೊದಲು ಕೇಳಿದ್ದೇ, "ಅಮ್ಮಾ, ಹೇಗೆ ಬಂದೆ? ದೊಡ್ಡ ಗಾಡಿಗೆ ರೋಡ್ ಬಂದ್ ಅಂತ ಟೀಚರ್ ಅಂದ್ರು. ವ್ಯಾನೂ ಇಲ್ವಂತೆ ಇವತ್ತು."

ಸುಳ್ಳು ಬಾಯಿಗೆ ಬರಲಿಲ್ಲ.

"ನಿಮ್ಮಪ್ಪನ ಕಾರಲ್ಲಿ."

ಕೈ ಬಿಡಿಸಿಕೊಂಡಳು. ಗೋಡೆಯ ಕಡೆ ತಿರುಗಿದಳು. "ಎಲ್ಲಿದಾರೆ?"

"ಕೆಳಗೆ. ಕಾರಲ್ಲಿ."

"ಬರೋದು ಬೇಡ."

ಕೆಳಗೆ ಹೋಗಿ ಹೇಳಿದೆ. ತಲೆಯಾಡಿಸಿದರು. "ಹುಷಾರಾಗಿದಾಳೆ ತಾನೆ? ಅಷ್ಟು ಸಾಕು." ವಾಪಸ್ ಹೊರಡುತ್ತಾರೆ ಅಂದುಕೊಂಡೆ. ಅಲ್ಲಿ ಮುಟ್ಟುವಷ್ಟರಲ್ಲಿ ಬೆಟ್ಟದ ಗೇಟ್ ಮುಚ್ಚಿರುತ್ತದೆ ಎಂದು ನೆನಪಾಗಿ ನನಗೇ ಸಮಾಧಾನವಾಯಿತು. ಯಾಕೋ.

ಜೂನ್ 18, ಮಂಗಳವಾರ

ಗೇಟ್ ತೆರೆದಿದೆಯಂತೆ. ಕಾರು ಅಲ್ಲೇ ಇದೆ.

ಜೂನ್ 20, ಗುರುವಾರ

ಪಕ್ಕದ ಬೀದಿಯಲ್ಲಿ ರೂಮು ಹಿಡಿದಿದ್ದಾರೆ. ಬೆಳಗಾದರೆ ಆಸ್ಪತ್ರೆಯ ಅಂಗಳ. ಔಷಧಿ ಚೀಟಿ ಕೊಟ್ಟರೆ ತಂದುಕೊಡುತ್ತಾರೆ, ಫ್ಲಾಸ್ಕಿಗೆ ಬಿಸಿನೀರು ತುಂಬಿಸಿ ಕಳಿಸುತ್ತಾರೆ. ಮೆಟ್ಟಿಲು ಹತ್ತುವುದಿಲ್ಲ. ವಾಚ್‌ಮನ್ ಇವರನ್ನು ಬಾಡಿಗೆ ಡ್ರೈವರ್ ಎಂದುಕೊಂಡು, ಗಾಡಿ ಪಕ್ಕಕ್ಕೆ ಹಾಕು ಎಂದನಂತೆ. ಹಾಕಿದರಂತೆ. ಹೇಳಿ ನಗುತ್ತಾರೆ. ನನಗೆ ನಗು ಬರಲಿಲ್ಲ.

ಮಗುವಿನ ಫೋಟೋ ತೋರಿಸಿದೆ. ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಕನ್ನಡಕ ಮೂಗಿನ ಮೇಲೆ ಓರೆ. ಕೊಡಿ ಇಲ್ಲಿ ಎಂದು ಕಸಿದುಕೊಂಡು ಕಡ್ಡಿ ಬಗ್ಗಿಸಿ ನೆಟ್ಟಗೆ ಮಾಡಿದೆ, ಸೆರಗಿನಲ್ಲಿ ಗಾಜು ಒರೆಸಿಕೊಟ್ಟೆ. ಹಾಕಿಕೊಂಡು ಮತ್ತೆ ನೋಡಿದರು. ನೋಡುತ್ತಲೇ ಇದ್ದರು.

"ಇವಳಮ್ಮನೂ ಹುಟ್ಟಿದಾಗ ಹಿಂಗೇ ಇದ್ಲು," ಎಂದರು. "ಕೋಪ ಮಾಡ್ಕೊಂಡ ಹಾಗೆ."

ಮೇಲೆ ಬಂದು ಮಗಳಿಗೆ ಎರಡು ಮಾತು ಹೇಳಿದೆ. ಮದುವೆಯ ದಿನ ಫೋಟೋದವರ ಪಕ್ಕ ಹಾಕಿಸಿದ ಕುರ್ಚಿ. ಊಟದ ಹೊತ್ತಿನ ಪ್ರಶ್ನೆ. ಅವಳು ಮಗುವಿಗೆ ಹಾಲು ಕುಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಕೇಳಿಸಿತೋ ಇಲ್ಲವೋ. ಕಿವಿ ಸರಿಯಿಲ್ಲದವಳು ನಾನಲ್ಲವೇ?

ಜೂನ್ 21, ಶುಕ್ರವಾರ

ರೈಲು ಶುರುವಾಗಿದೆ. ಅವರೇ ಕೆಳಗೆ ಹೇಳಿದರು. "ಬಾಣಂತನ ಮುಗಿದ ಮೇಲೆ ನೀನು ಆರಾಮಾಗಿ ರೈಲಲ್ಲಿ ಬರಬಹುದು. ನಾನು ನಾಳೆ ಹೊರಡ್ತೀನಿ." ಸರಿ ಎಂದೆ.

ನಾಳೆಯೇ ಡಿಸ್ಚಾರ್ಜ್. ಸಂಜೆ ಮಗಳು ಮಲಗಿದಲ್ಲೇ ಲೆಕ್ಕಾಚಾರ ಹಾಕುತ್ತಿದ್ದಳು.

"ಮನೆಗೆ ಹೇಗೆ ಹೋಗೋದಮ್ಮಾ? ಆಟೋ ಕುಲುಕುತ್ತೆ, ಹೊಲಿಗೆ ಬಿಚ್ಚಿಹೋಗುತ್ತೆ. ಟ್ಯಾಕ್ಸಿಯೋರು ಗುಂಡಿ ನೋಡಲ್ಲ, ಹಾರಿಸ್ತಾರೆ. ಟೀಚರ್ ಸ್ಕೂಟರ್ ಅಂತೂ ಆಗಲ್ಲ."

"ಆಂಬುಲೆನ್ಸ್ ಕೇಳೋಣ."

"ಥೂ, ಮಗುನ ಆಂಬುಲೆನ್ಸಲ್ಲಿ ಕರ್ಕೊಂಡು ಹೋಗ್ತಾರಾ?"

ಫ್ಯಾನ್ ನೋಡುತ್ತಾ ಮಲಗಿದ್ದಳು. ಆಮೇಲೆ, ಯಾರನ್ನೋ ಯಾವುದೋ ವಿಷಯ ಕೇಳುವ ಹಾಗೆ —

"ಅಪ್ಪ ಈಗಲೂ ನಿಧಾನಾನೇ ಓಡಿಸ್ತಾರಾ?"

"ಎತ್ತಿನಗಾಡಿ," ಎಂದೆ. ಸೋಮವಾರದ್ದನ್ನು ಹೇಳಲಿಲ್ಲ.

"ಹಾಗಾದ್ರೆ ಹೇಳು. ಮನೆ ತನಕ ಅಷ್ಟೇ."

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ.

ಜೂನ್ 22, ಶನಿವಾರ

ಮಗಳ ಮನೆ. ಅಡಿಗೆಮನೆಯ ಕಟ್ಟೆ ಮೇಲೆ ಬರೆಯುತ್ತಿದ್ದೇನೆ, ಅನ್ನಕ್ಕಿಟ್ಟು.

ಬೆಳಗ್ಗೆ ನೋಡಿದರೆ ಕಾರು ಒಳಗೂ ಹೊರಗೂ ತೊಳೆದಿತ್ತು. ಹಿಂದಿನ ಸೀಟಿಗೆ ಹೊಸ ಬೆಡ್‌ಶೀಟು. ಮಗಳು ಮಗು ಎತ್ತಿಕೊಂಡು ಹಿಂದೆ ಕೂತಳು, ಪಕ್ಕದಲ್ಲಿ ನಾನು. ಅವರು ಕನ್ನಡಿಯನ್ನು ಒಮ್ಮೆ ಸರಿ ಮಾಡಿಕೊಂಡರು. ಮತ್ತೆ ಮಾಡಿಕೊಂಡರು. ಪ್ರತಿ ಗುಂಡಿಗೂ ಕಾರು ಉಸಿರು ಬಿಗಿಹಿಡಿದು ಇಳಿದು ಹತ್ತಿತು. ಸೈಕಲ್ಲಿನವರೆಲ್ಲ ನಮ್ಮನ್ನು ದಾಟಿ ಹೋದರು.

ಗೇಟಿನ ಮುಂದೆ ನಿಲ್ಲಿಸಿದರು. ಇಳಿದು ಚೀಲಗಳನ್ನು ಜಗಲಿ ಮೇಲಿಟ್ಟರು. ಮತ್ತೆ ಹೋಗಿ ಡ್ರೈವರ್ ಸೀಟಿನಲ್ಲೇ ಕೂತರು. ಎಂಜಿನ್ ಆರಿಸಿರಲಿಲ್ಲ. ಮಗಳು ಇನ್ನೂ ಇಳಿದಿರಲಿಲ್ಲ. ಬಾಗಿಲು ತೆಗೆದು ಹಿಡಿದುಕೊಂಡು ನಾನು ನಿಂತೇ ಇದ್ದೆ.

"ಎಂಜಿನ್ ಆಫ್ ಮಾಡಿ, ಅಪ್ಪಾ," ಎಂದಳು. "ಮಗು ಎದ್ದುಬಿಡುತ್ತೆ."

ಆಫ್ ಮಾಡಿದರು. ಸ್ಟೀರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು, ಮುಂದೆ ನೋಡುತ್ತಾ. ಮುಂದೆ ಏನೂ ಇರಲಿಲ್ಲ, ಎದುರು ಮನೆಯ ಕಾಂಪೌಂಡು.

"ಇಳೀರಿ. ಬಿಸಿಲಲ್ಲಿ ಕೂರಬೇಡಿ."

ಅಷ್ಟೇ ಆದ ಮಾತು. ಹೆಚ್ಚು ಬರೆಯಬಾರದು. ನಾಳೆ ಏನು ಅಂತ ಯಾರಿಗೂ ಗೊತ್ತಿಲ್ಲ, ಅವಳು ಕೋಪವನ್ನು ಪೂರ್ತಿ ಇಳಿಸಿದ ಹಾಗೂ ಕಾಣಲಿಲ್ಲ. ಊಟ ಮಾಡಿಕೊಂಡು ಹೊರಡುತ್ತೇನೆ ಎಂದಿದ್ದಾರೆ. ಅವಳು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಸ್ನಾನಕ್ಕೆ ಹೋಗುವಾಗ ಮಾತ್ರ ಮಗುವನ್ನು ತಂದು ನನ್ನ ಕೈಗೆ ಕೊಡದೆ—

ಮಗಳ ಅಪ್ಪ ಕರೆಯುತ್ತಿದ್ದಾರೆ. ಬೇಗ ಬಾ, ಕತ್ತು ನಿಲ್ತಾ ಇಲ್ಲ, ಹೇಗೆ ಹಿಡ್ಕೊಳ್ಳೋದು ಮರೆತೇಹೋಗಿದೆ ಅಂತ. ಬಂದೆ... ತಲೆ ಕೆಳಗೆ ಒಂದು ಕೈ, ಇನ್ನೊಂದು